ಮತದ ಬೆಲೆ ಮತ್ತು ಬಾರದ ಹಕ್ಕುಪತ್ರ

2020ರ ಡಿಸೆಂಬರಿನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆದಾಗ ನನ್ನ ಚಿಕ್ಕಪ್ಪ ನಮ್ಮೂರಿನಲ್ಲಿ ಅಭ್ಯರ್ಥಿಯಾಗಿದ್ದರು. ಕೋವಿಡ್ ಕಾರಣದಿಂದ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ನಾನು ಆ ವರ್ಷ ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಊರಿನಲ್ಲೇ ಇದ್ದೆ. ಲೆಕ್ಕ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ಖರ್ಚಿನ ಪುಸ್ತಕ ನನ್ನ ಕೈಗೆ ಬಂತು. ಇನ್ನೂರು ಪುಟದ, ಮಗ್ಗಿ ಅಚ್ಚಾದ ಹಿಂಬದಿಯ ಸಾಮಾನ್ಯ ನೋಟ್‌ಬುಕ್ ಅದು. ಜೀಪಿನ ಬಾಡಿಗೆ, ಡೀಸೆಲ್, ಕರಪತ್ರ, ಮೈಕು, ಕೋಳಿ, ಅಕ್ಕಿ, ಯುವಕ ಸಂಘದ ವಾಲಿಬಾಲ್ ನೆಟ್, ಊರಿಗೆ ಬಂದು ಮತ ಹಾಕಿ ಹೋಗುವ ಹುಡುಗರ ಬಸ್ ಚಾರ್ಜು ಎಲ್ಲಕ್ಕೂ ಅದರಲ್ಲಿ ಒಂದೊಂದು ಸಾಲಿದೆ. ಕೊನೆಯ ಎರಡು ದಿನಗಳ ಪುಟದಲ್ಲಿ ಮಾತ್ರ ಒಂದೇ ಶಬ್ದವಿದೆ: ‘ಇತರೆ’. ಒಟ್ಟು ಖರ್ಚು 1,72,000 ರೂಪಾಯಿ. ಅದರಲ್ಲಿ ಇತರೆ 1,04,000.

‘ಇತರೆ’ ಎಂದರೆ ಏನೆಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಾರ್ಡಿನಲ್ಲಿ 860 ಮತದಾರರಿದ್ದು ಮೂರು ಸ್ಥಾನಗಳಿದ್ದವು. ಹಾಗಾಗಿ ಪ್ರತಿಯೊಬ್ಬರಿಗೂ ಮೂರು ಮತ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಾದರೂ ಮೂವರು ಮೂವರು ಕೂಡಿ ಒಂದು ಸೆಟ್ ಆಗಿ ನಿಲ್ಲುತ್ತಾರೆ, ಖರ್ಚನ್ನೂ ಹಂಚಿಕೊಳ್ಳುತ್ತಾರೆ; ನನ್ನ ಪುಸ್ತಕದಲ್ಲಿರುವುದು ಚಿಕ್ಕಪ್ಪನ ಪಾಲು ಮಾತ್ರ. ‘ಗಟ್ಟಿ ನಮ್ಮವರು’, ‘ಗಟ್ಟಿ ಅವರವರು’ ಎಂದು ಮತದಾರರ ಪಟ್ಟಿಯಲ್ಲಿ ಗುರುತು ಹಾಕಿ, ‘ಅವರವರು’ ಎಂದವರನ್ನು ಬಿಟ್ಟು, ಉಳಿದ ಸುಮಾರು ಆರು ನೂರು ಮಂದಿಗೆ ತಲೆಗೆ ಐನೂರರಂತೆ ಹಂಚಲಾಯಿತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 171ನೇ ಕಲಮಿನ ಉಪವಿಧಿಗಳ ಪ್ರಕಾರ ಇದು ಲಂಚ; ಕೊಟ್ಟವರೂ ತೆಗೆದುಕೊಂಡವರೂ ಒಂದು ವರ್ಷದವರೆಗಿನ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಊಟ, ಮದ್ಯದ ಉಪಚಾರವನ್ನೂ ಕಾನೂನು ಲಂಚವೆಂದೇ ಕರೆಯುತ್ತದೆ, ಆದರೆ ಅದಕ್ಕೆ ದಂಡ ಮಾತ್ರ. 2024ರ ಜುಲೈನಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವ್ಯವಸ್ಥೆ ಹೆಚ್ಚೇನೂ ಬದಲಾಗಿಲ್ಲ. ನಾನು ಕೈಯಾರೆ ಹಣ ಹಂಚಲಿಲ್ಲ; ಆದರೆ ಆ ಪುಟವನ್ನು ಬರೆದದ್ದು ನಾನು. ಅದು ಸರಿಯಾದ ಕೆಲಸವಾಗಿರಲಿಲ್ಲ. ಆ ಪುಸ್ತಕವನ್ನು ಮತ್ತೆ ಮತ್ತೆ ತೆರೆದು ನೋಡಿದ್ದರಿಂದಲೇ ಈ ಬರಹ ಹುಟ್ಟಿದೆ.

ಮೊದಲು ನನಗೆ ಅರ್ಥವಾಗದೆ ಉಳಿದದ್ದು ಸರಳವಾದ ಒಂದು ಕೂಡು-ಕಳೆ. ಆಗ ಸದಸ್ಯರ ಗೌರವಧನ ತಿಂಗಳಿಗೆ ಸಾವಿರ ರೂಪಾಯಿ, ಅಂದರೆ ಐದು ವರ್ಷಕ್ಕೆ 60,000. ಮುಂದೆ ಅದು ಹೆಚ್ಚಾಯಿತು, ಆದರೂ ಹಾಕಿದ ದುಡ್ಡು ಅದರಿಂದ ಹುಟ್ಟುವುದಿಲ್ಲ. ಹಾಗಾದರೆ ಕಾಮಗಾರಿಯಲ್ಲಿ ತಿನ್ನುತ್ತಾರೆ ಎಂಬುದು ಸುಲಭದ ಉತ್ತರ, ಮತ್ತು ಎಷ್ಟೋ ಕಡೆ ಅದು ನಿಜವೂ ಹೌದು. ಉದ್ಯೋಗ ಖಾತರಿಯ ಸಾಮಗ್ರಿ ಬಾಬ್ತು, ಬೇರೆಯವರ ಹೆಸರಿನಲ್ಲಿ ಮಾಡಿಸುವ ಚರಂಡಿ, ವಸತಿ ಯೋಜನೆಯ ಮನೆ ಮಂಜೂರಾದಾಗ ‘ಓಡಾಟದ ಖರ್ಚು’ ಎಂದು ಕೇಳುವ ಹಣ, ಇವೆಲ್ಲ ಊರಿನವರಿಗೆ ಗೊತ್ತಿರುವ ದಾರಿಗಳೇ. ಆದರೆ ಸಣ್ಣ ಪಂಚಾಯಿತಿಯೊಂದರಲ್ಲಿ ಹತ್ತು ಹನ್ನೆರಡು ಸದಸ್ಯರು ಹಂಚಿಕೊಳ್ಳುವಷ್ಟು ಕಾಮಗಾರಿ ಇರುವುದಿಲ್ಲ. ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಚದುರಿರುವುದರಿಂದ, ಬಯಲುಸೀಮೆಯಲ್ಲಿ ಐದು ಸಾವಿರ ಜನಸಂಖ್ಯೆಗೆ ಒಂದರಂತೆ ಆಗುವ ಪಂಚಾಯಿತಿಯನ್ನು ಶಿವಮೊಗ್ಗ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಎರಡೂವರೆ ಸಾವಿರಕ್ಕೇ ಮಾಡಲು 1993ರ ಪಂಚಾಯತ್ ರಾಜ್ ಕಾಯ್ದೆ ಅವಕಾಶ ಕೊಟ್ಟಿದೆ. ಇಲ್ಲಿನ ಪಂಚಾಯಿತಿ ಚಿಕ್ಕದು, ಅನುದಾನ ಚಿಕ್ಕದು. ಸ್ಪರ್ಧೆ ಮಾತ್ರ ಚಿಕ್ಕದಲ್ಲ.

ಕ್ಷೇತ್ರ ಚಿಕ್ಕದಾದಷ್ಟೂ ಒಂದು ಮತದ ಬೆಲೆ ಏರುತ್ತದೆ ಎಂಬುದು ಆ ಪುಸ್ತಕ ನನಗೆ ಕಲಿಸಿದ ಮೊದಲ ಪಾಠ. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ 17 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಅಲ್ಲಿ ಒಂದು ಮನೆಯ ಐದು ಮತ ಫಲಿತಾಂಶವನ್ನು ತಿರುಗಿಸುವ ಸಂಭವ ಇಲ್ಲವೇ ಇಲ್ಲ ಎನ್ನಬಹುದು. ನಮ್ಮ ವಾರ್ಡಿನಲ್ಲಿ ಚಿಕ್ಕಪ್ಪ ಗೆದ್ದದ್ದು 23 ಮತಗಳಿಂದ, ಅಂದರೆ ನಾಲ್ಕೈದು ಮನೆಗಳಿಂದ. ಆ ನಾಲ್ಕೈದು ಮನೆ ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲ ಮನೆಗೂ ಕೊಡಬೇಕಾಗುತ್ತದೆ. ಇದೇ ತರ್ಕವನ್ನು ಮುಂದುವರಿಸಿದರೆ ಸಹಕಾರ ಸಂಘದ ನಿರ್ದೇಶಕರ ಚುನಾವಣೆ, ಪಂಚಾಯಿತಿ ಸದಸ್ಯರೇ ಸೇರಿ ಅಧ್ಯಕ್ಷರನ್ನು ಆರಿಸುವ ಚುನಾವಣೆ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ನಡೆಯುವ ಚುನಾವಣೆ, ಇವುಗಳಲ್ಲಿ ಮತದಾರರ ಸಂಖ್ಯೆ ಇಳಿದಂತೆಲ್ಲ ಪ್ರಲೋಭನೆ ಏರುವುದು ಸಹಜ. ಅಧ್ಯಕ್ಷರ ಅವಧಿ ಎರಡೂವರೆ ವರ್ಷ. ಅದರ ಆಯ್ಕೆಗೆ ಮುಂಚೆ ಸದಸ್ಯರನ್ನು ‘ಪ್ರವಾಸ’ಕ್ಕೆ ಕರೆದೊಯ್ಯುವ ಸುದ್ದಿ ನಮ್ಮ ಕಡೆ ಹೊಸದಲ್ಲ. ವಾರ್ಡಿನಲ್ಲಿ ಮತ ಕೊಂಡವರೇ ಮೇಲಿನ ಚುನಾವಣೆಯಲ್ಲಿ ಮತವುಳ್ಳವರಾಗುತ್ತಾರೆ. ಕೆಳಗೆ ಹಾಕಿದ ದುಡ್ಡನ್ನು ಮೇಲೆ ಹುಟ್ಟಿಸಿಕೊಳ್ಳುವ ಆಸೆಗೆ ಈ ಏಣಿಯೇ ಆಧಾರ.

ಆದರೆ ಇಲ್ಲೊಂದು ತೊಡಕಿದೆ. ಮತ ಗುಟ್ಟಿನದು. ಹಣ ಪಡೆದವರು ಮತ ಹಾಕಿದರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಮಾತು ತಪ್ಪಿದರೆ ದೂರು ಕೊಡಲು ಠಾಣೆಯೂ ಇಲ್ಲ, ನ್ಯಾಯಾಲಯವೂ ಇಲ್ಲ. ಹೀಗಿರುವಾಗ ದುಡ್ಡು ಏಕೆ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಹಲವು ದೇಶಗಳ ರಾಜ್ಯಶಾಸ್ತ್ರಜ್ಞರು ಕೇಳಿಕೊಂಡಿದ್ದಾರೆ. ಅರ್ಜೆಂಟೀನಾದ ಪಕ್ಷಗಳನ್ನು ಅಧ್ಯಯನ ಮಾಡಿದ ಸೂಸನ್ ಸ್ಟೋಕ್ಸ್ 2005ರಲ್ಲಿ, ಊರೊಳಗೆ ಬೇರು ಬಿಟ್ಟ ಕಾರ್ಯಕರ್ತರು ನೆರೆಹೊರೆಯವರ ನಡೆನುಡಿಯಿಂದಲೇ ಮತವನ್ನು ಊಹಿಸಬಲ್ಲರು, ಆ ಊಹೆಯ ಭಯವೇ ಒಪ್ಪಂದವನ್ನು ಉಳಿಸುತ್ತದೆ ಎಂದು ವಾದಿಸಿದರು. ಮುಂಬೈ ಪಾಲಿಕೆಯ ಚುನಾವಣೆಯನ್ನು ಹತ್ತಿರದಿಂದ ನೋಡಿದ ಸೈಮನ್ ಶೋಷಾರ್ 2018ರಲ್ಲಿ ಬೇರೆಯದನ್ನು ಹೇಳಿದರು: ಹಂಚಿದ್ದು ಮತವಾಗಿ ಬರುತ್ತದೆಂಬ ಭರವಸೆ ಅಭ್ಯರ್ಥಿಗಳಿಗೇ ಇಲ್ಲ, ಎದುರಾಳಿ ಕೊಡುವಾಗ ತಾನು ಕೊಡದಿದ್ದರೆ ಸೋಲು ಖಚಿತವೆಂಬ ಅಂಜಿಕೆಯಿಂದ ಕೊಡುತ್ತಾರೆ. ನಮ್ಮ ವಾರ್ಡಿನಲ್ಲಿ ನಾನು ಕಂಡದ್ದು ಈ ಎರಡನೆಯದು. ಚಿಕ್ಕಪ್ಪನಿಗೆ ಕೊಡುವ ಮನಸ್ಸಿರಲಿಲ್ಲ. ಎದುರು ಸೆಟ್‌ನವರು ಮೇಲಿನ ಕೇರಿಯಲ್ಲಿ ಹಂಚಿ ಮುಗಿಸಿದರು ಎಂಬ ಸುದ್ದಿ ಸಂಜೆ ಏಳಕ್ಕೆ ಬಂತು, ಎಂಟು ಗಂಟೆಗೆ ನಮ್ಮ ಜೀಪು ಹೊರಟಿತು. ಅತ್ತ ಅವರೂ ನಮ್ಮ ಸುದ್ದಿ ಕೇಳಿಯೇ ಹೊರಟಿದ್ದರಂತೆ. ಇಬ್ಬರೂ ಕೊಡದಿದ್ದರೆ ಫಲಿತಾಂಶ ಬೇರೆಯಾಗುತ್ತಿರಲಿಲ್ಲ, ಇಬ್ಬರ ದುಡ್ಡೂ ಉಳಿಯುತ್ತಿತ್ತು.

ಒಪ್ಪಂದವನ್ನು ಗಟ್ಟಿ ಮಾಡಲು ನಮ್ಮಲ್ಲಿ ಕಾರ್ಯಕರ್ತರಿಗಿಂತ ದೊಡ್ಡ ಸಾಧನ ಆಣೆ. ಎಲೆ, ಅಡಿಕೆ, ಕುಂಕುಮದ ಜೊತೆಗೆ ನೋಟನ್ನು ಕೈಯಲ್ಲಿಟ್ಟು ಊರ ಚೌಡಿಯ ಹೆಸರನ್ನೋ ಧರ್ಮಸ್ಥಳದ ಹೆಸರನ್ನೋ ಹೇಳಿಸುತ್ತಾರೆ. ತೋಟದ ಬೇಲಿಗೆ ‘ಸಿಗಂದೂರು ಚೌಡೇಶ್ವರಿಯ ಕಾವಲಿದೆ’ ಎಂದು ಬೋರ್ಡು ಹಾಕಿದರೆ ಗೊನೆ ಕದಿಯಲು ಜನ ಹಿಂಜರಿಯುವ ಸೀಮೆ ಇದು. ಇಲ್ಲಿ ಆಣೆ ಬರಿಯ ಮಾತಲ್ಲ. ದೇವರ ಮೇಲಿನ ಭಕ್ತಿಯನ್ನು ವಸೂಲಿಯ ಸಾಧನವಾಗಿಸಿಕೊಳ್ಳುವುದು ಹಣ ಹಂಚುವುದಕ್ಕಿಂತ ಕೀಳಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಹಣ ತೆಗೆದುಕೊಂಡವರು ಎರಡೂ ಕಡೆಯಿಂದ ತೆಗೆದುಕೊಂಡು ತಮಗೆ ಬೇಕಾದವರಿಗೆ ಮತ ಹಾಕಬಹುದು, ಅಷ್ಟು ಸ್ವಾತಂತ್ರ್ಯ ಅವರಿಗೆ ಉಳಿದಿರುತ್ತದೆ. ಆಣೆ ಅದನ್ನೂ ಕಸಿಯುತ್ತದೆ.

ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲ. ಆ ರಾತ್ರಿ ನಮ್ಮ ಅಂಗಳದ ಚಪ್ಪರದಲ್ಲಿ ಸುಲಿಯುವ ಕೆಲಸ ನಡೆದಿತ್ತು. ಬಲ್ಬಿನ ಕೆಳಗೆ ಹನ್ನೆರಡು ಮಂದಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಅವರಲ್ಲಿ ಅರವತ್ತು ದಾಟಿದ ಒಬ್ಬಾಕೆ ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಗೆ ಸುಲಿಯಲು ಬರುವವರು. ಅವರ ಕೈ ನಿಲ್ಲುವುದಿಲ್ಲ. ಕಾಯಿಯನ್ನು ಕತ್ತಿಯ ಮೊನೆಗೆ ಒತ್ತಿ, ತಿರುವಿ, ಸಿಪ್ಪೆ ಬೇರೆ ಬೆಟ್ಟೆ ಬೇರೆ ಮಾಡಿ ಎಸೆಯುವಾಗ ನೋಟ ಮಾತ್ರ ಎದುರಿನವರ ಮುಖದ ಮೇಲಿರುತ್ತದೆ. ಎದುರು ಸೆಟ್‌ನ ಹಣವೂ ನಮ್ಮ ಸೆಟ್‌ನ ಹಣವೂ ಅವರಿಗೆ ಮುಟ್ಟಿತ್ತು. ಅದನ್ನು ಅವರೇ ಮುಚ್ಚಿಡದೆ ಹೇಳಿದರು. ಹಾಗಾದರೆ ಯಾರಿಗೆ ಹಾಕುತ್ತೀರಿ ಎಂದು ಕೇಳಬಾರದಿತ್ತು, ಆದರೂ ಕೇಳಿದೆ.

“ದುಡ್ಡು ಎಲ್ಲರೂ ಕೊಡ್ತಾರೆ ತಮಾ,” ಎಂದರು. “ನನ್ನ ಅರ್ಜಿ ಹಿಡ್ಕಂಡು ತಾಲ್ಲೂಕಾಫೀಸಿಗೆ ಬರೋರು ಯಾರು, ಅದನ್ನ ಹೇಳು.”

ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 275 ರೂಪಾಯಿ. ಐನೂರು ಎಂದರೆ ಎರಡು ದಿನದ ಕೂಲಿಯೂ ಅಲ್ಲ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ 27 ಪೈಸೆ. ಇಷ್ಟಕ್ಕೆ ಬಡವರು ಮತ ಮಾರಿಕೊಳ್ಳುತ್ತಾರೆ ಎಂದು ಪೇಟೆಯ ವಿದ್ಯಾವಂತರು ಬೇಸರದಿಂದ ಹೇಳುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಹಿಂದೆ ನಾನೂ ಹೇಳಿದ್ದೇನೆ. ಅಂದು ಆ ಚಪ್ಪರದಲ್ಲಿ ನನಗೆ ತಿಳಿದದ್ದು, ಅವರು ಆ ಬೆಲೆಗೆ ಮಾರಿಕೊಳ್ಳುತ್ತಿಲ್ಲ ಎಂಬುದು. ಐನೂರು ಎಂಬುದು ಮನೆಗೆ ಬಂದವರು ಕೊಟ್ಟು ಹೋಗುವ ವೀಳ್ಯದಂತೆ. ಬೆಲೆ ಬೇರೆಯೇ ಇದೆ, ಅದರ ಪಾವತಿ ಐದು ವರ್ಷ ನಡೆಯುತ್ತದೆ.

ಅವರ ಮನೆ ಇರುವುದು ಸರ್ಕಾರಿ ಜಾಗದಲ್ಲಿ. ಮನೆಯ ಹಿಂದೆ ಒಂದು ಎಕರೆಗೂ ಕಡಿಮೆ ಬಗರ್ ಹುಕುಂ ಜಮೀನು, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಭೂಮಿ; ಅದರಲ್ಲಿ ನೂರಿನ್ನೂರು ಅಡಿಕೆ ಮರ. ಎರಡನ್ನೂ ಸಕ್ರಮ ಮಾಡಿ, ಅಂದರೆ ಕಾನೂನಿನಂತೆ ತಮ್ಮ ಹೆಸರಿಗೆ ಮಾಡಿಕೊಡಿ ಎಂದು, ಮನೆಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ, ಜಮೀನಿಗೆ ನಮೂನೆ 57ರಲ್ಲಿ ಅರ್ಜಿ. ಅದಕ್ಕೂ ಮುಂಚೆ ಅವರ ಗಂಡ ನಮೂನೆ 53ರಲ್ಲೂ ಹಾಕಿದ್ದರು. ಗಂಡ ತೀರಿಕೊಂಡರು, ಅರ್ಜಿ ತೀರ್ಮಾನವಾಗಲಿಲ್ಲ. ಮಲೆನಾಡಿನ ಉದ್ದಕ್ಕೂ ಇಂಥ ಮನೆಗಳಿವೆ. ಕೆಲವರದು ಕಂದಾಯ ಭೂಮಿ, ಕೆಲವರದು ಅರಣ್ಯವೆಂದು ದಾಖಲಾದ ಭೂಮಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಕಾಡಿನ ಅಂಚಿಗೆ ಬಂದು ನೆಲೆಸಿದವರ ಮೊಮ್ಮಕ್ಕಳೂ ಪೂರ್ಣ ಹಕ್ಕಿಗಾಗಿ ಕಾಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದರೂ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಓದು ಬರಹವಿಲ್ಲದ ಅಜ್ಜ ಅಜ್ಜಿಯರ ಕಾಲದ ದಾಖಲೆಯನ್ನು ಅವರು ಎಲ್ಲಿಂದ ತರಬೇಕು?

ಇಂಥ ಮನೆಯ ಮೇಲೆ ಒಂದು ನೋಟೀಸು ಬಂದರೆ ಸಾಕು, ಇಡೀ ಕುಟುಂಬದ ನಿದ್ದೆ ಕೆಡುತ್ತದೆ. ಆಗ ಜೊತೆಗೆ ಬರುವವರು, ಗ್ರಾಮಲೆಕ್ಕಿಗರ ಹತ್ತಿರ ಮಾತಾಡುವವರು, ಕಡತ ಯಾವ ಮೇಜಿನ ಮೇಲಿದೆ ಎಂದು ತಿಳಿದು ಹೇಳುವವರು ಬೇಕು. ಬಗರ್ ಹುಕುಂ ಸಕ್ರಮ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಹಾಗಾಗಿ ಸುಲಿಯುವ ಚಪ್ಪರದಿಂದ ಹೊರಟ ದಾರಿ ವಾರ್ಡಿನ ಸದಸ್ಯರ ಮೂಲಕ, ಪಕ್ಷದ ತಾಲ್ಲೂಕು ಮುಖಂಡರ ಮೂಲಕ ಆ ಸಮಿತಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕಾನೂನಿನ ಪ್ರಕಾರ ಅರ್ಹರಾದವರಿಗೆ ಸಿಗಬೇಕಾದದ್ದು ಈ ದಾರಿಯಲ್ಲಿ ಉಪಕಾರವಾಗಿ ಬದಲಾಗುತ್ತದೆ, ಮತ್ತು ಉಪಕಾರಕ್ಕೆ ಪ್ರತ್ಯುಪಕಾರ ಮಾಡುವುದು ಮರ್ಯಾದಸ್ಥರ ಲಕ್ಷಣವೆಂದು ಆಕೆ ನಂಬಿದ್ದಾರೆ. ಹಣ ಪಡೆದು ಮತ ಹಾಕದಿದ್ದರೆ ಅವರಿಗೆ ಅಷ್ಟೇನೂ ಅನ್ನಿಸುವುದಿಲ್ಲ. ಬಿಸಿಲಲ್ಲಿ ಜೊತೆಗೆ ಬಂದವರಿಗೆ ಹಾಕದಿದ್ದರೆ ಮನಸ್ಸು ಚುಚ್ಚುತ್ತದೆ.

ಈ ವ್ಯವಸ್ಥೆಯ ಅತ್ಯಂತ ಕ್ರೂರವಾದ ಲೆಕ್ಕ ಇಲ್ಲಿದೆ. ಹಕ್ಕುಪತ್ರ ಒಮ್ಮೆ ಕೈಗೆ ಬಂದರೆ ಆಕೆಗೆ ಮತ್ತೆ ಯಾರೂ ಬೇಕಾಗಿಲ್ಲ. ಬರುವವರೆಗೆ ಎಲ್ಲರೂ ಬೇಕು. ಅಂದರೆ ಮಧ್ಯದಲ್ಲಿ ನಿಂತವರ ಪಾಲಿಗೆ ಕಡತ ಮುಗಿಯುವುದಕ್ಕಿಂತ, ಸತ್ತೂ ಹೋಗದೆ ಮುಗಿದೂ ಹೋಗದೆ ಚಲಿಸುತ್ತಿರುವುದೇ ಲಾಭ. ಯಾರೂ ಕೂತು ಸಂಚು ಮಾಡಬೇಕಾಗಿಲ್ಲ. ಎಲ್ಲರ ಅನುಕೂಲವೂ ಒಂದೇ ಕಡೆಗೆ ವಾಲಿದಾಗ ವಿಳಂಬ ತಾನಾಗಿಯೇ ಉಳಿಯುತ್ತದೆ. ನನ್ನ ಚಿಕ್ಕಪ್ಪ ಕೆಟ್ಟವರಲ್ಲ. ಸದಸ್ಯರಾಗಿದ್ದಷ್ಟು ಕಾಲ ತಿಂಗಳಿಗೆ ಹತ್ತು ದಿನ ತಮ್ಮ ಬೈಕಿನಲ್ಲಿ, ತಮ್ಮ ಪೆಟ್ರೋಲಿನಲ್ಲಿ ಯಾರದೋ ಅರ್ಜಿಗೆ ಓಡಾಡಿದರು. ಆದರೂ ಯಾವ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದರು ಎಂದು ಕೇಳಿದಾಗ, “ನಮ್ಮವರದ್ದೇ ಮೊದಲು, ಇನ್ನೇನು” ಎಂದರು. ಮತದಾರರ ಪಟ್ಟಿಯಲ್ಲಿ ‘ಗಟ್ಟಿ ಅವರವರು’ ಎಂದು ಗುರುತು ಬಿದ್ದ ಮನೆಗಳ ಅರ್ಜಿಗೆ ಐದು ವರ್ಷ ಯಾರೂ ಓಡಾಡಲಿಲ್ಲ. ನಾನು ಬರೆದ ಪುಸ್ತಕದಲ್ಲಿ ಈ ಖರ್ಚಿಗೆ ಕಾಲಂ ಇಲ್ಲ.

ಕಾಗದ ಕೈಗೆ ಬಂದರೆ ಮತ ಬಿಡುಗಡೆಯಾಗುತ್ತದೆ ಎಂಬುದಕ್ಕೆ ನಮ್ಮ ನೆಲದ ಚರಿತ್ರೆಯೇ ಸಾಕ್ಷಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತಾಗ, ಒಡೆಯರ ಗದ್ದೆ ಮಾಡುವವರು ಒಡೆಯರ ಮಾತಿಗೆ ಎದುರಾಡುವುದೇ ಅಪರೂಪವಾಗಿತ್ತು. ಗದ್ದೆ ಬಿಡಿಸಿದರೆ ಹೊಟ್ಟೆಗಿಲ್ಲದ ಕಾಲದಲ್ಲಿ ಮತಕ್ಕೆ ನೋಟು ಕೊಡಬೇಕಾಗಿಯೇ ಇರಲಿಲ್ಲ. ಒಡೆಯರ ಜಗುಲಿಯಲ್ಲಿ ಆಡಿದ ಒಂದು ಮಾತು ಸಾಕಾಗುತ್ತಿತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಬಂದು ಡಿಕ್ಲರೇಷನ್, ಅಂದರೆ ಈ ಗದ್ದೆ ತಾವು ಗೇಣಿಗೆ ಮಾಡುತ್ತಿರುವುದೆಂಬ ಅರ್ಜಿ, ಕೊಟ್ಟ ಗೇಣಿದಾರರ ಹೆಸರಿಗೆ ಗದ್ದೆ ಆದ ಮೇಲೆ ಆ ಮಾತಿನ ತೂಕ ಇಳಿಯಿತು. ಮತಕ್ಕೆ ಬೆಲೆ ಹುಟ್ಟಿದ್ದು ಅದರ ನಂತರ, ‘ಆಗುವುದಿಲ್ಲ’ ಎನ್ನುವ ಶಕ್ತಿ ಮತದಾರರಿಗೆ ಬಂದ ಮೇಲೆ. ಹಣ ಹಂಚುವುದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಹಿಂದೆ ಎಲ್ಲವೂ ಶುದ್ಧವಾಗಿತ್ತು, ಈಗ ಜನ ಕೆಟ್ಟರು ಎಂಬ ಮಾತನ್ನು ಒಪ್ಪಲಾರೆ. ಹಿಂದೆ ಪುಕ್ಕಟೆಯಾಗಿ ಕಸಿದುಕೊಳ್ಳುತ್ತಿದ್ದುದಕ್ಕೆ ಈಗ ದುಡ್ಡು ಕೊಡಬೇಕಾಗಿದೆ.

ಅದೇ ಕಾಗೋಡು ಹೋರಾಟದ ಬೆನ್ನಿಗೆ, 1952ರಲ್ಲಿ, ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದರು. ಅವರು ಮತದಾರರಲ್ಲಿ ಒಂದು ವೋಟಿನ ಜೊತೆಗೆ ಒಂದು ನೋಟನ್ನೂ ಕೇಳುತ್ತಿದ್ದರೆಂದು ನಮ್ಮ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಮತದಾರರೇ ದುಡ್ಡು ಕೊಟ್ಟರೆ ಗೆದ್ದವರು ಮತದಾರರ ಋಣದಲ್ಲಿರುತ್ತಾರೆ. ಅಭ್ಯರ್ಥಿ ಕೊಟ್ಟರೆ ಋಣದ ದಿಕ್ಕು ತಿರುಗುತ್ತದೆ. ಅಂಥ ರಾಜಕಾರಣ ಮತ್ತೆ ಬರಬೇಕೆಂದು ಆಸೆಪಡುವವರಲ್ಲಿ ನಾನೂ ಒಬ್ಬ. ಆದರೆ ಅದು ಸಾಧ್ಯವಾದದ್ದು ಒಬ್ಬರ ಪ್ರಾಮಾಣಿಕತೆಯಿಂದ ಮಾತ್ರವಲ್ಲ, ಭೂಮಿಯ ಪ್ರಶ್ನೆಯನ್ನು ಒಬ್ಬೊಬ್ಬರ ಅರ್ಜಿಯಾಗಿ ನೋಡದೆ ಎಲ್ಲರ ಹಕ್ಕಾಗಿ ಎತ್ತಿದ ಚಳವಳಿಯಿಂದ.

ಎಲ್ಲರಿಗೂ ನಿಯಮದಂತೆ ಸಿಗುವುದಕ್ಕೂ ಕೆಲವರಿಗೆ ಕೃಪೆಯಿಂದ ಸಿಗುವುದಕ್ಕೂ ಇರುವ ವ್ಯತ್ಯಾಸವನ್ನು ಈಚೆಗೆ ನಮ್ಮೂರಿನಲ್ಲೇ ಕಂಡೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ 2012ರಲ್ಲಿ ಜಾರಿಯಾದ ಮೇಲೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸದಸ್ಯರ ಮನೆ ಬಾಗಿಲಿಗೆ ಬರುವವರು ಕಡಿಮೆಯಾದರು. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ನೇರವಾಗಿ ಖಾತೆಗೆ ಬರತೊಡಗಿತು. ಆ ಯೋಜನೆಯ ಬಗ್ಗೆ, ಅದರ ಆರ್ಥಿಕ ಹೊರೆಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಅದನ್ನು ತಂದ ಪಕ್ಷ ಮತದ ಮೇಲೆ ಕಣ್ಣಿಟ್ಟೇ ತಂದಿರಬಹುದು. ಆದರೆ ಯಾರಿಗೆ ಮತ ಹಾಕಿದರೂ ಅದು ಬರುತ್ತದೆ, ವಾರ್ಡಿನ ಸದಸ್ಯರು ಅದನ್ನು ಕೊಡಿಸಲೂ ಆರರು, ತಡೆಯಲೂ ಆರರು. ಮತಕ್ಕೆ ಹಂಚುವ ನೋಟನ್ನೂ ಇಂಥ ಯೋಜನೆಯನ್ನೂ ‘ಬಿಟ್ಟಿ’ ಎಂಬ ಒಂದೇ ಶಬ್ದದಲ್ಲಿ ಸೇರಿಸಿ ಬೈಯುವವರು ಈ ಭೇದವನ್ನು ಗಮನಿಸಬೇಕು. ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕೆಂದು ನಿಯಮವಿದೆ. ನಮ್ಮಲ್ಲಿ ಪಟ್ಟಿ ಮೊದಲೇ ಬರೆದಿರುತ್ತದೆ, ಸಭೆಯಲ್ಲಿ ಓದುತ್ತಾರೆ. ಗ್ರಾಮಸಭೆಗೆ ನೂರು ಜನ ಬಂದು ಆ ಪಟ್ಟಿಯನ್ನು ಪ್ರಶ್ನಿಸಿದ ಒಂದೇ ಒಂದು ದಿನ ಚುನಾವಣಾ ಕಾಲದ ಹತ್ತು ಪ್ರತಿಜ್ಞಾವಿಧಿಗಳಿಗಿಂತ ಹೆಚ್ಚು ಕೆಲಸ ಮಾಡೀತು ಎಂದು ನನಗೆ ಅನ್ನಿಸುತ್ತದೆ. ಮತ ಮಾರಿಕೊಳ್ಳಬೇಡಿ ಎಂದು ಶಾಲಾ ಮಕ್ಕಳ ಕೈಯಲ್ಲಿ ಜಾಥಾ ಮಾಡಿಸುವ ಆಡಳಿತ, ಸಕ್ರಮದ ಅರ್ಜಿಗಳನ್ನು ಸರದಿಯಂತೆ, ಗಡುವಿನೊಳಗೆ, ಹೌದು ಅಥವಾ ಇಲ್ಲ ಎಂದು ತೀರ್ಮಾನಿಸಿ ಪಂಚಾಯಿತಿಯ ಗೋಡೆಗೆ ಪಟ್ಟಿ ಅಂಟಿಸಲಿ. ತಿರಸ್ಕಾರವಾದರೂ ಪರವಾಗಿಲ್ಲ, ಮೇಲ್ಮನವಿ ಹಾಕಬಹುದು. ತೀರ್ಮಾನವಿಲ್ಲದ ಕಡತಕ್ಕೆ ಮೇಲ್ಮನವಿಯೂ ಇಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಆಕೆಯ ಜೊತೆಗೆ ನಾನೇ ಕಚೇರಿಗೆ ಹೋಗಿದ್ದೆ. ಅವರ ಕಾಗದಗಳೆಲ್ಲ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಸೊಂಟಕ್ಕೆ ಒತ್ತಿ ಹಿಡಿದುಕೊಂಡಿದ್ದರು. ಗಂಡನ ಕಾಲದ ನಮೂನೆ 53ರ ಸ್ವೀಕೃತಿ ಚೀಟಿ ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತು. ಅದನ್ನು ಟೇಪು ಹಚ್ಚಿ ಜೋಡಿಸಿದ್ದರು. ಅಳತೆಯ ನಕ್ಷೆ ಬರಬೇಕು, ಸಮಿತಿಯ ಸಭೆ ಸೇರಬೇಕು ಎಂದು ಮೇಜಿನ ಆಚೆಯವರು ಹೇಳಿದರು. ಸಭೆ ಯಾವಾಗ ಎಂದು ಕೇಳಿದೆ, ದಿನಾಂಕ ನಿಗದಿಯಾಗಿಲ್ಲ ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಆಕೆ ಕಟ್ಟನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾ, “ಮುಂದಿನ ಎಲೆಕ್ಷನ್ ಯಾವಾಗ ತಮಾ?” ಎಂದು ಕೇಳಿದರು.